ಚೌಕಟ್ಟಿನ ಮೇಲೆ ನಾಲ್ಕು ಗೆರೆ: ಬೆಳಗಾವಿಯಿಂದ ಸಿಂಗಾಪುರದ ಥೀಮ್ ಪಾರ್ಕಿಗೆ ನಾವು ಹೋಗಿ ಬಂದದ್ದು

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಎಳೆದ ನಾಲ್ಕು ಗೆರೆಗಳಿವೆ. 102, 107, 122, 125. ಎಲ್ಲಾ ಸೆಂಟಿಮೀಟರ್ ಲೆಕ್ಕ. 2025ರ ಜನವರಿಯ ಒಂದು ಭಾನುವಾರ ಟೇಪು ಹಿಡಿದು ನಾನೇ ಎಳೆದದ್ದು. ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋಗುವ ನಮ್ಮ ಪ್ಲಾನ್ ಶುರುವಾಗಿದ್ದು ಆ ಗೆರೆಗಳಿಂದಲೇ.

ನಾವು ಐದು ಜನ. ನಾನು, ನಮ್ಮ ಮನೆಯವರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ, 66 ವರ್ಷದ ನಮ್ಮ ಅತ್ತೆ. ಮನೆ ಬೆಳಗಾವಿಯ ಶಹಾಪುರದಲ್ಲಿ. ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಪ್ರವಾಸಕ್ಕೂ ಒಂದು ನೋಟ್‌ಬುಕ್ ಇಟ್ಟೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಟ್ರಾವೆಲ್ಸ್‌ನಲ್ಲಿ ಪ್ಯಾಕೇಜ್ ವಿಚಾರಿಸಿದೆವು. ಐದು ದಿನ, ಐದಾರು ಜಾಗ. ಮಕ್ಕಳು ಹಂಬಲಿಸುತ್ತಿದ್ದ ಪಾರ್ಕಿಗೆ ಅದರಲ್ಲಿ ಇದ್ದದ್ದು ಬೆಳಗ್ಗೆ 11ರಿಂದ ಸಂಜೆ 4. ಪಾರ್ಕ್ ತೆರೆಯುವುದು 10ಕ್ಕೆ. ಜನ ಕಡಿಮೆ ಇರುವ ಮೊದಲ ಒಂದು ತಾಸು ಬಸ್ಸಿನಲ್ಲೇ ಕಳೆದುಹೋದರೆ ಮುಂದೆ ದಿನವಿಡೀ ಸಾಲಿನಲ್ಲಿ ನಿಲ್ಲಬೇಕು. "ಟೈಮ್ ಬದಲು ಮಾಡಿ ಕೊಡ್ತೀರಾ?" ಅಂತ ಕೇಳಿದೆ. ಗ್ರೂಪ್ ಟೂರ್, ಆಗುವುದಿಲ್ಲ ಅಂದರು. ಪ್ಯಾಕೇಜಿನ ಮೇಲೆ ಆಗ 5% ಟಿಸಿಎಸ್ ಬೇರೆ, ಅಂದರೆ ಟ್ರಾವೆಲ್ಸ್‌ನವರು ಮೊದಲೇ ವಸೂಲಿ ಮಾಡುವ ತೆರಿಗೆ. ಅದನ್ನು ಆಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಪಡೆಯಬಹುದು, ಆದರೆ ಸದ್ಯಕ್ಕೆ ದುಡ್ಡು ಕೈಬಿಟ್ಟ ಹಾಗೆಯೇ. ಆ ರಾತ್ರಿ ಮನೆಯವರಿಗೆ ಹೇಳಿದೆ: "ನಾನ ಮಾಡ್ತೇನ್ರೀ. ಮೂರು ತಿಂಗಳು ಕೊಡ್ರಿ ನನಗ."

ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಕೂಡ ತಲೆಯಲ್ಲಿತ್ತು. ನಮ್ಮ ಪಾಸ್‌ಪೋರ್ಟಿಗೆ ಅಲ್ಲಿ 14 ದಿನದ ತನಕ ವೀಸಾ ಬೇಡ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿದರೆ ಸಾಕು. ಆದರೂ ಸಿಂಗಾಪುರ ಆರಿಸಿದೆ. ಕಾರಣ ಊಟ. ನಾವು ಪೂರ್ತಿ ಸಸ್ಯಾಹಾರಿಗಳು. ಅತ್ತೆ ಮೊಟ್ಟೆಯ ವಾಸನೆ ಬಂದರೂ ತಟ್ಟೆ ಸರಿಸುತ್ತಾರೆ. ಸಿಂಗಾಪುರದಲ್ಲಿ ಲಿಟಲ್ ಇಂಡಿಯಾ ಇದೆ. ಅಲ್ಲಿನ ಕೋಮಲ ವಿಲಾಸ್ 1947ರಿಂದ ಸಸ್ಯಾಹಾರಿ ಊಟ ಹಾಕುತ್ತಿದೆ. ಪಾರ್ಕ್ ಒಂದು ದಿನದ್ದು, ಊಟ ದಿನಕ್ಕೆ ಮೂರು ಹೊತ್ತಿನದು, ಅಲ್ವಾ?

ಇನ್ನು ಆ ಗೆರೆಗಳು. ಪಾರ್ಕಿನ ಒಂದೊಂದು ಆಟಕ್ಕೂ ಇಷ್ಟು ಎತ್ತರ ಇರಲೇಬೇಕು ಅಂತ ನಿಯಮ ಇದೆ. ಟ್ರಾನ್ಸ್‌ಫಾರ್ಮರ್ಸ್‌ಗೆ 102, ಜುರಾಸಿಕ್ ಪಾರ್ಕಿನ ನೀರಿನ ಆಟಕ್ಕೆ 107, ಈಜಿಪ್ಟಿನ ಮಮ್ಮಿಯ ಹೆಸರಿನ ರೋಲರ್ ಕೋಸ್ಟರ್‌ಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಅನ್ನುವ ಇನ್ನೊಂದು ರೋಲರ್ ಕೋಸ್ಟರ್‌ಗೆ 125. ಬಾಗಿಲಲ್ಲಿ ಅಳತೆಯ ಕೋಲು ಹಿಡಿದು ನಿಂತಿರುತ್ತಾರೆ. ಎಷ್ಟು ಗೋಗರೆದರೂ ಬಿಡುವುದಿಲ್ಲ, ಬಿಡಲೂಬಾರದು. ಸೀಟಿನ ಕಂಬಿ ಮಗುವಿನ ಮೈಯನ್ನು ಹಿಡಿದಿಡಬೇಕಾದರೆ ಮೈ ಅಷ್ಟು ಬೆಳೆದಿರಲೇಬೇಕು.

ಮಗಳು 131 ಇದ್ದಳು, ಅವಳಿಗೆ ಎಲ್ಲವೂ ಆಗುತ್ತಿತ್ತು. ಮಗ 111. ಎರಡು ಆಗುತ್ತದೆ, ಎರಡು ಆಗುವುದಿಲ್ಲ. ಅವನನ್ನು ಚೌಕಟ್ಟಿಗೆ ನಿಲ್ಲಿಸಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮಮ್ಮಿ, ಬೂಟ್ ಹಾಕ್ಕೊಂಡ್ರ?" ಅಂದ. "ಇಲ್ಲಪ್ಪಾ, ಬೂಟ್ ಹಾಕ್ಕೊಂಡ್ರೂ ಮುಟ್ಟಂಗಿಲ್ಲ" ಅಂದೆ. ಅತ್ತ. ಮನೆಯಲ್ಲೇ ಅಳಲಿ ಅಂತಲೇ ನಾನು ಮೂರು ತಿಂಗಳು ಮೊದಲು ಅಳೆದದ್ದು. ಸಾಲಿನಲ್ಲಿ 40 ನಿಮಿಷ ನಿಂತು, ತುದಿಗೆ ಹೋದ ಮೇಲೆ ವಾಪಸ್ ಕಳಿಸಿದರೆ ಆ ಮಗುವಿಗೆ ಎಷ್ಟು ನೋವಾಗುತ್ತದೆ! ಮಾರನೆಯ ದಿನ ಇಬ್ಬರೂ ಕೂತು ಅವನದೇ ಒಂದು ಪಟ್ಟಿ ಮಾಡಿದೆವು. ಆ ವರ್ಷ ಫೆಬ್ರವರಿಯಲ್ಲಿ ಪಾರ್ಕಿನೊಳಗೆ ಮಿನಿಯನ್ ಲ್ಯಾಂಡ್ ಅನ್ನುವ ಭಾಗ ಹೊಸದಾಗಿ ತೆರೆಯುವುದಿತ್ತು. ಅದು ಅವನ ಪಟ್ಟಿಯ ತಲೆಯ ಮೇಲೆ ಬಂತು. ಟಿಕೆಟ್ ದುಡ್ಡು ಸಾರ್ಥಕ ಆಗುತ್ತದಾ ಅನ್ನುವುದೂ ಈ ಅಳತೆಯಿಂದಲೇ ಗೊತ್ತಾಗುತ್ತದೆ. ಮಗು 100ಕ್ಕಿಂತ ಕಡಿಮೆ ಇದ್ದರೆ ಒಂದೆರಡು ವರ್ಷ ಕಾಯುವುದೇ ಒಳ್ಳೆಯದು.

ತಿಂಗಳು ಆರಿಸಲು ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟುಕೊಂಡೆ. ನಮ್ಮಲ್ಲಿ ರಜೆ ದಸರೆಗೆ ಮತ್ತು ಏಪ್ರಿಲ್-ಮೇಗೆ. ಸಿಂಗಾಪುರದ ಶಾಲೆಗಳ ದೊಡ್ಡ ರಜೆ ಜೂನ್‌ನಲ್ಲಿ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ. ದಸರಾ ಹೊತ್ತಿಗೆ ಪಾರ್ಕಿನಲ್ಲಿ ಹ್ಯಾಲೋವೀನ್ ಹಾರರ್ ನೈಟ್ಸ್ ಅನ್ನುವ, ಹೆದರಿಸುವ ರಾತ್ರಿ ಕಾರ್ಯಕ್ರಮ ನಡೆಯುತ್ತದೆ. ಅದಕ್ಕೆ ಬೇರೆ ಟಿಕೆಟ್. ಅದಿರುವ ದಿನ ಹಗಲಿನವರಿಗೆ ಪಾರ್ಕ್ ಬೇಗ ಮುಚ್ಚುತ್ತಾರೆ. ಉಳಿದದ್ದು ಏಪ್ರಿಲ್. ನಮ್ಮ ಮಕ್ಕಳಿಗೆ ರಜೆ, ಅಲ್ಲಿನ ಮಕ್ಕಳಿಗೆ ಶಾಲೆ. ಆ ವರ್ಷ ಗುಡ್ ಫ್ರೈಡೆ ಏಪ್ರಿಲ್ 18ಕ್ಕೆ ಬಂದಿತ್ತು. ಆ ವಾರಾಂತ್ಯ ಬಿಟ್ಟು 22, ಮಂಗಳವಾರ ಗುರುತು ಹಾಕಿದೆ.

ಪಾಸ್‌ಪೋರ್ಟ್ ಹೊತ್ತು ತಗೊಂಡಿತು. ದೊಡ್ಡವರದ್ದು ಇತ್ತು. ಮಕ್ಕಳದ್ದು ಆಗಬೇಕಿತ್ತು. ನಮ್ಮ ಪುಣ್ಯ, ಈಗ ಇದಕ್ಕೆ ಹುಬ್ಬಳ್ಳಿಗೆ ಹೋಗಬೇಕಿಲ್ಲ, ಬೆಳಗಾವಿಯ ಹೆಡ್ ಪೋಸ್ಟ್ ಆಫೀಸಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ದೊಡ್ಡವರಿಗೆ ಫೀಸು 1,500 ರೂಪಾಯಿ, ಮಕ್ಕಳಿಗೆ 1,000. ಎಂಟು ವರ್ಷದ ಒಳಗಿದ್ದರೆ 10% ಕಡಿಮೆ. ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಅನ್ನುವ ಒಪ್ಪಿಗೆ ಪತ್ರ ಬೇಕು. ಎಲ್ಲಾ ಜೋಡಿಸಿಕೊಂಡು ಕೂತಾಗ ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಹೆಸರಿನ ಜಾಗ ಖಾಲಿ ಇರುವುದು ಕಂಡಿತು! ಹುಟ್ಟಿದ ವಾರದಲ್ಲಿ ತಂದಿದ್ದೆವು, ಆಗ ಹೆಸರಿಟ್ಟಿರಲಿಲ್ಲ. ಆರು ವರ್ಷ ಕಪಾಟಿನಲ್ಲಿ ಹಾಗೇ ಇತ್ತು. ಒಂದು ವರ್ಷದ ಒಳಗಾದರೆ ಹೆಸರು ಸೇರಿಸಲು ಫೀಸಿಲ್ಲ. ಆಮೇಲೆ 15 ವರ್ಷದ ತನಕ ತಡದ ಫೀಸು ಕಟ್ಟಿ ಸೇರಿಸಬಹುದು. ಅದಕ್ಕೇ ಮೂರು ವಾರ ಹೋಯಿತು. ನಿಮ್ಮ ಮನೆಯ ಮಕ್ಕಳ ಪ್ರಮಾಣಪತ್ರ ಇವತ್ತೇ ತೆಗೆದು ನೋಡಿ. ದೊಡ್ಡವರ ಪಾಸ್‌ಪೋರ್ಟ್ ಇದ್ದರೂ ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳು ಅವಧಿ ಉಳಿದಿರಬೇಕು. ಅದನ್ನೂ ನೋಡಿ.

ವೀಸಾ ಅಧಿಕೃತ ಏಜೆಂಟರ ಮೂಲಕ ಮಾಡಿಸಿದೆವು. ಸರ್ಕಾರದ ಫೀಸು ತಲೆಗೆ 30 ಸಿಂಗಾಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಆಗಿನ ಲೆಕ್ಕದಲ್ಲಿ ಒಂದು ಡಾಲರ್‌ಗೆ 65 ರೂಪಾಯಿ ಹಿಡಿದಿದ್ದೆ. ಅಲ್ಲಿ ಇಳಿಯುವ ಮೊದಲಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ಅನ್ನುವ ಫಾರಂ ತುಂಬಬೇಕು. ಅದು ಪೂರ್ತಿ ಉಚಿತ. ಮೊಬೈಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ಜಾಗಗಳೂ ಸಿಗುತ್ತವೆ. ಅಲ್ಲಿ ಕಾರ್ಡ್ ನಂಬರ್ ಹಾಕಬೇಡಿ. ಸಿಂಗಾಪುರ ಸರ್ಕಾರದ್ದೇ ನೋಡಿ ತುಂಬಿ.

ವಿಮಾನ ಬೆಂಗಳೂರಿನಿಂದ. ನೇರ ವಿಮಾನ, ನಾಲ್ಕೂವರೆ ತಾಸಿನ ಆಸುಪಾಸು. ನಮ್ಮೂರಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೂ ವಿಮಾನ ಇದೆ. ಆದರೆ ಎರಡು ಬೇರೆ ಬೇರೆ ಟಿಕೆಟ್ ತಗೊಂಡು, ಮೊದಲನೆಯದು ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಹಾಗಾಗಿ ಹಿಂದಿನ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗ್ಗೆ ಬೆಂಗಳೂರು. ಹಗಲೆಲ್ಲಾ ನಾದಿನಿಯ ಮನೆಯಲ್ಲಿ ಮಲಗಿ, ರಾತ್ರಿ ವಿಮಾನ. ಅಲ್ಲಿ ಇಳಿದಾಗ ಗಡಿಯಾರ ಎರಡೂವರೆ ತಾಸು ಮುಂದೆ ಹೋಗಿರುತ್ತದೆ, ನಿದ್ದೆ ಅರ್ಧ. ಅದಕ್ಕೆ ಇಳಿದ ದಿನ ಪಾರ್ಕ್ ಇಟ್ಟುಕೊಳ್ಳಲಿಲ್ಲ, ಮಾರನೆಯ ದಿನ ಇಟ್ಟೆ. ಹೋಟೆಲ್ ಲಿಟಲ್ ಇಂಡಿಯಾದಲ್ಲಿ. ಅಲ್ಲಿಂದ ಮೆಟ್ರೋ ಬದಲಿಸದೆ ಒಂದೇ ರೈಲಿನಲ್ಲಿ ಹಾರ್ಬರ್‌ಫ್ರಂಟ್ ಮುಟ್ಟಬಹುದು. ಪಾರ್ಕ್ ಇರುವ ಸೆಂಟೋಸಾ ದ್ವೀಪಕ್ಕೆ ದಾರಿ ಅದೇ.

ಪಾರ್ಕ್ ಟಿಕೆಟ್ ತಗೊಂಡದ್ದು ಎಲ್ಲಕ್ಕಿಂತ ಕೊನೆಗೆ, ವೀಸಾ ಕೈಗೆ ಬಂದ ಮೇಲೆ. ದಿನಾಂಕ ಹಾಕಿದ ಟಿಕೆಟ್, ವಾಪಸ್ ಆಗುವುದಿಲ್ಲ. 4ರಿಂದ 12 ವರ್ಷದವರಿಗೆ ಮಕ್ಕಳ ದರ. ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ತಗೊಳ್ಳಲಿಲ್ಲ. ಮಂಗಳವಾರ, ಶಾಲೆಯ ದಿನ, ತೆರೆಯುವ ಮೊದಲೇ ಬಾಗಿಲಲ್ಲಿ ನಿಲ್ಲುವವರು ನಾವು. ಐದು ಜನಕ್ಕೆ ಅಷ್ಟು ದುಡ್ಡು ಬೇಡ ಅನಿಸಿತು. ರಜೆಯ ದಿನ ಹೋಗುವವರಾದರೆ ಯೋಚನೆ ಮಾಡಿ.

ಹೊರಡುವ ವಾರ ಗೋಕಾಕದಿಂದ ನಮ್ಮ ಅವ್ವ ಎರಡು ಕಿಲೋ ಕರದಂಟು ಕಳಿಸಿದಳು. ಡಬ್ಬಿ ತೆಗೆದೆ. ಮೇಲೆಲ್ಲಾ ಗಸಗಸೆ. ಎದೆ ಧಸಕ್ಕೆಂದಿತು. ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ. ಅಫೀಮಿನ ಗಿಡದ ಬೀಜ ಅದು, ಮಾರ್ಫಿನ್ ಅಂಶ ಅಂಟಿರುತ್ತದೆ ಅಂತ ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಅಲ್ಲಿನ ಆ ಕಾನೂನು ಎಷ್ಟು ಕಠಿಣ ಅಂತ ಎಲ್ಲರಿಗೂ ಗೊತ್ತು. ಅವ್ವನಿಗೆ ಫೋನ್ ಮಾಡಿದರೆ, "ಗಸಗಸಿ ಇಲ್ಲದ್ದು ಎಂಥಾ ಕರದಂಟ ಬೇ?" ಅಂದಳು. ಆದರೂ ಎರಡು ದಿನದಲ್ಲಿ ಗಸಗಸೆ ಇಲ್ಲದೆ ಮತ್ತೊಮ್ಮೆ ಮಾಡಿ ಕಳಿಸಿದಳು. ನಮ್ಮ ಕಡೆಯಿಂದ ಹೋಗುವವರು ಇದನ್ನು ಮರೆಯಲೇಬೇಡಿ. ಕರದಂಟು, ಅಂಟಿನುಂಡೆ, ಮಸಾಲೆ ಪುಡಿ, ಎಲ್ಲದರಲ್ಲೂ ಗಸಗಸೆ ಇದೆಯಾ ಅಂತ ಮಾಡಿದವರನ್ನು ಕೇಳಿ. ಚೂಯಿಂಗ್ ಗಮ್ ಕೂಡ ಒಯ್ಯುವಂತಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ತಗೊಂಡು ಹೋದೆವು. ಅತ್ತೆಗೆ ಬೆಳಗಿನ ಹೊತ್ತು ಅದೇ ಆಧಾರವಾಯಿತು. ಪಾರ್ಕಿನೊಳಗೆ ಮಾತ್ರ ಹೊರಗಿನ ಊಟ ಬಿಡುವುದಿಲ್ಲ.

ಪಾರ್ಕಿನ ದಿನ. ಹಾರ್ಬರ್‌ಫ್ರಂಟ್ ಮೇಲಿರುವ ವಿವೋಸಿಟಿ ಮಾಲ್‌ನ ಮೂರನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್ ರೈಲು. ಹೋಗಲು ತಲೆಗೆ 4 ಡಾಲರ್, ಬರುವಾಗ ಏನೂ ಇಲ್ಲ. ಮೊದಲ ನಿಲ್ದಾಣದಲ್ಲೇ ಇಳಿಯಬೇಕು. ಒಂಬತ್ತೂವರೆಗೆ ಬಾಗಿಲಲ್ಲಿದ್ದೆವು. ಅತ್ತೆಗೆ ಗಾಲಿಕುರ್ಚಿ ಬಾಡಿಗೆಗೆ ತಗೊಂಡೆವು. ಮೊದಲು ಬೇಡ ಅಂದರು. "ನಾ ಏನ್ ನಡೀಲಾರದಾಕಿ ಏನ?" ಅಂತ. "ಅಜ್ಜಿ, ಕುರ್ಚಿ ನಿಮಗಲ್ಲ, ಚೀಲಾ ಇಡಾಕ" ಅಂದಳು ಮಗಳು. ಹನ್ನೊಂದು ಗಂಟೆಗೆಲ್ಲಾ ಅವರೇ ಅದರಲ್ಲಿ ಕೂತು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು.

ಏಪ್ರಿಲ್‌ನಲ್ಲಿ ಸಿಂಗಾಪುರದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಶುರುವಾದರೆ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಅದಕ್ಕೆ ನೋಟ್‌ಬುಕ್‌ನಲ್ಲಿ ಎರಡು ಭಾಗ ಮಾಡಿದ್ದೆ: ಬೆಳಗ್ಗೆ ಆಕಾಶದ ಕೆಳಗಿನವು, ಮಧ್ಯಾಹ್ನ ಸೂರಿನ ಕೆಳಗಿನವು. ಬಾಗಿಲು ತೆರೆದ ಕೂಡಲೇ ಮಗಳು ಮತ್ತು ಅವರಪ್ಪ ಬ್ಯಾಟಲ್‌ಸ್ಟಾರ್ ಕಡೆ ಓಡಿದರು. ನಾನು ಮಗನನ್ನು ಮಿನಿಯನ್ ಲ್ಯಾಂಡ್‌ಗೆ ಕರೆದುಕೊಂಡು ಹೋದೆ. ಆಮೇಲೆ ಎಲ್ಲರೂ ಸೇರಿ ಜುರಾಸಿಕ್ ಪಾರ್ಕಿನ ನೀರಿನ ದೋಣಿ. ಅಳತೆಯ ಕೋಲಿನ ಮುಂದೆ ಮಗ ಎದೆಯುಬ್ಬಿಸಿ ನಿಂತ. ದಾಟಿದ! ಪೂರ್ತಿ ನೆನೆದೆವು. ಒಂದೊಂದು ಜೊತೆ ಬಟ್ಟೆ ಜಾಸ್ತಿ ಒಯ್ದದ್ದು ಉಪಯೋಗಕ್ಕೆ ಬಂತು. ವಾಟರ್‌ವರ್ಲ್ಡ್ ಶೋನಲ್ಲಿ ಹಿಂದಿನ ಸೀಟು ಹಿಡಿದೆವು. ಮುಂದಿನ ಸಾಲುಗಳ ಮೇಲೆ ನೀರು ಎರಚುತ್ತಾರೆ. ಬೆಂಕಿ ಹತ್ತಿಕೊಂಡಾಗ ಅತ್ತೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಮುಖ ನನಗೆ ಈಗಲೂ ಕಣ್ಣ ಮುಂದಿದೆ.

ಎರಡೂವರೆಗೆ ಆಕಾಶ ಕಪ್ಪಾಯಿತು, ಮಳೆ ಸುರಿಯಿತು. ಹೊರಗಿನ ಆಟ ನಿಂತವು. ನಾವು ಟ್ರಾನ್ಸ್‌ಫಾರ್ಮರ್ಸ್ ಒಳಗಿದ್ದೆವು. ಆಮೇಲೆ ಮಮ್ಮಿ ಕೋಸ್ಟರ್. ಇಲ್ಲಿ ಚೈಲ್ಡ್ ಸ್ವಿಚ್ ಅನ್ನುವ ಸೌಲಭ್ಯ ಕೇಳಿ ಪಡೆಯಿರಿ. ತಂದೆ ಹೋದಾಗ ತಾಯಿ ಚಿಕ್ಕ ಮಗುವಿನ ಜೊತೆ ಕಾಯುತ್ತಾಳೆ, ಆಮೇಲೆ ತಾಯಿ ಮತ್ತೆ ಸಾಲು ನಿಲ್ಲದೆ ಹೋಗಬಹುದು. ಕೇಳದಿದ್ದರೆ ತಾಯಂದಿರು ದಿನವಿಡೀ ಸುಮ್ನೆ ಚೀಲ ಕಾಯುವುದೇ ಆಗುತ್ತದೆ. ನಾನು ಹೋದೆ. ಕತ್ತಲಲ್ಲಿ ಗಾಡಿ ಹಿಂದಕ್ಕೆ ಓಡಿದಾಗ ನನ್ನ ಹತ್ತು ವರ್ಷದ ಮಗಳು ನನ್ನ ಕೈ ಹಿಡಿದು "ಅಂಜಬ್ಯಾಡ ಮಮ್ಮಿ" ಅಂದಳು.

ಮಗ ಹೊರಗೆ ಬೆಂಚಿನ ಮೇಲೆ ಕರದಂಟು ತಿನ್ನುವಂತಿಲ್ಲದ್ದಕ್ಕೆ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದ. ಅಳಲಿಲ್ಲ. ಅಳು ಜನವರಿಯಲ್ಲೇ ಮುಗಿದಿತ್ತು.

ಈಗಲೂ ಪ್ರತಿ ತಿಂಗಳು ಒಂದನೇ ತಾರೀಕು ಅವನು ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಹೋದ ಸಲ 117 ಬಂತು. ಅವನ ಪಾಸ್‌ಪೋರ್ಟ್ 2030ರ ತನಕ ಇದೆ.