ದುಡಿಯುವ ಮಕ್ಕಳಿಂದ ಮನೆ ಬಾಡಿಗೆ: ನಮ್ಮ ಲೆಕ್ಕ ನಿಂತದ್ದು ಹೇಗೆ

ಸಂಬಳ ತರುವ ಮಕ್ಕಳಿಂದ ಮನೆಯಲ್ಲೇ ಬಾಡಿಗೆ ತೆಗೆದುಕೊಂಡರೆ ಆರು ತಿಂಗಳಲ್ಲಿ ಮಾತು ಬಿಡುತ್ತಾರೆ, ಇಲ್ಲವೇ ಮನೆ ಬಿಡುತ್ತಾರೆ ಅಂದವರೇ ಹೆಚ್ಚು. ನಮ್ಮಲ್ಲಿ ಈಗ ಸುಮಾರು ನಾಲ್ಕು ವರ್ಷ ಆಯಿತು, ಇಬ್ಬರು ಕೊಡುತ್ತಿದ್ದಾರೆ, ಬಾಕಿ ಅಂತ ಒಂದು ಕಾಸೂ ಇಲ್ಲ. ತೆಗೆದುಕೊಳ್ಳಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ತೆಗೆದುಕೊಳ್ಳಲು ಹೊರಟು ಮೊತ್ತದ ಹತ್ತಿರ ಸಿಕ್ಕಿಕೊಂಡವರಿಗೆ ಇದು.

ಮೊತ್ತವನ್ನು ಊಹೆಯ ಮೇಲೆ ಇಟ್ಟರೆ ಅದು ನಿಲ್ಲುವುದೇ ಇಲ್ಲ. ಮೂರು ತಿಂಗಳ ಮನೆಖರ್ಚಿನ ಪುಸ್ತಕ ತೆಗೆದು ಎರಡು ಲೆಕ್ಕ ಹಾಕಬೇಕು. ಒಂದು, ಒಟ್ಟು ಖರ್ಚನ್ನು ತಲೆ ಎಣಿಸಿ ಭಾಗಿಸಿದರೆ ಬರುವ ಪಾಲು. ಇನ್ನೊಂದು, ಆ ಮಗ ಅಥವಾ ಮಗಳು ನಾಳೆ ಮನೆ ಬಿಟ್ಟರೆ ನಿಜವಾಗಿ ಕಡಿಮೆಯಾಗುವ ಖರ್ಚು. ಎರಡನೆಯದರಲ್ಲಿ ಅಡುಗೆ ಸಾಮಾನು, ಬಿಸಿನೀರು, ಬಟ್ಟೆ ಒಗೆಯುವುದು, ಕರೆಂಟಿನ ಒಂದಿಷ್ಟು ಭಾಗ ಮಾತ್ರ ಇಳಿಯುತ್ತವೆ. ಮನೆಯ ಸಾಲದ ಕಂತು, ಇಂಟರ್ನೆಟ್, ತೆರಿಗೆ ಇದ್ದಷ್ಟೇ ಇರುತ್ತವೆ. ದೊಡ್ಡವನ ಕೈಗೆ ಬರುವ ಸಂಬಳ 100 ಅಂತ ಹಿಡಿದರೆ, ತಲೆಪಾಲು 35ರ ಹತ್ತಿರ ಬಂತು, ನಿಜವಾದ ಹೆಚ್ಚುವರಿ ಖರ್ಚು 13ರ ಆಸುಪಾಸು. 35 ಕೇಳಿದರೆ ಹೊರಗೆ ಗೆಳೆಯರ ಜೊತೆ ರೂಮು ಹಂಚಿಕೊಳ್ಳುವುದೇ ಲೇಸು ಅನ್ನಿಸುತ್ತದೆ. 13 ತೆಗೆದುಕೊಂಡರೆ ಮನೆಗೆ ಉಳಿಯುವುದೇನೂ ಇಲ್ಲ. ನಾವು 20ಕ್ಕೆ ನಿಲ್ಲಿಸಿದೆವು.

ಸಂಬಳದ ಶೇ. 30 ಬಾಡಿಗೆಗೆ ಅನ್ನುವ ಮಾತನ್ನು ಇಲ್ಲಿಗೆ ತರಬೇಡಿ. ಅಮೆರಿಕದಲ್ಲಿ ಸರ್ಕಾರಿ ವಸತಿಯ ಬಾಡಿಗೆಗೆ 1969ರಲ್ಲಿ ಆದಾಯದ ಶೇ. 25ರ ಮಿತಿ ಹಾಕಿ, 1981ರಲ್ಲಿ ಅದನ್ನೇ 30ಕ್ಕೆ ಏರಿಸಿದ್ದರು. ಅದು ಬಾಗಿಲು ಹಾಕಿಕೊಳ್ಳಬಹುದಾದ ಇಡೀ ಮನೆಯ ಲೆಕ್ಕ. ಅಪ್ಪ ಅಮ್ಮನ ಮನೆಯಲ್ಲಿ ಒಂದು ಕೋಣೆಗೆ, ಕೆಲವರಿಗೆ ಅರ್ಧ ಕೋಣೆಗೆ, ಅದೇ ದರ ಹಾಕುವುದು ಅನ್ಯಾಯ.

ಎಲ್ಲರಿಗೂ ಒಂದೇ ಮೊತ್ತ ಅನ್ನುವುದು ನೋಡಲು ನ್ಯಾಯವಾಗಿ ಕಾಣುತ್ತದೆ. ಕೂತು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ: ಅಣ್ಣನಿಗೆ ಸಂಬಳದ ಶೇ. 14 ಆಗುವ ಹಣ, ಅವನ ಅರ್ಧಕ್ಕಿಂತ ಕಡಿಮೆ ದುಡಿಯುವ ತಂಗಿಗೆ ಮೂರನೇ ಒಂದು ಭಾಗವನ್ನೇ ನುಂಗುತ್ತದೆ. ಆದ್ದರಿಂದ ಶೇಕಡಾವಾರು ದರ ಒಂದೇ ಇರಲಿ. ಜೊತೆಗೆ ಒಂದು ಮಿತಿ ಇಡಿ, ಸಂಬಳ ಎಷ್ಟೇ ಏರಿದರೂ ತಲೆಪಾಲಿನ ಮೇಲೆ ಹೋಗಕೂಡದು. ಹೆಚ್ಚು ಕೊಡುವವನಿಗೆ ಒಂಟಿ ಕೋಣೆ ಸಿಕ್ಕಿದರೆ ಗೊಣಗಾಟ ಅಲ್ಲಿಗೇ ಮುಗಿಯುತ್ತದೆ.

ಶಿಫ್ಟಿನ ಕೆಲಸದವರ ವಿಷಯ ಬೇರೆ. ಪ್ರತಿ ತಿಂಗಳ ನಿಜವಾದ ಸಂಬಳದ ಮೇಲೆ ಶೇಕಡಾ ಹಾಕಿದರೆ, ಓವರ್‌ಟೈಮ್ ಮಾಡಿದ ಪ್ರತಿ ಗಂಟೆಯ ಐದನೇ ಒಂದು ಭಾಗ ಮನೆಗೆ ಹೋಗುತ್ತದೆ, ಅದಲ್ಲದೆ ಪ್ರತಿ ತಿಂಗಳೂ ಸಂಬಳದ ಚೀಟಿ ತೋರಿಸಬೇಕು. ಎರಡು ತಿಂಗಳಲ್ಲಿ ಓವರ್‌ಟೈಮಿನ ಮಾತೇ ಮನೆಯಲ್ಲಿ ಬರುವುದಿಲ್ಲ, ಮುಚ್ಚಿಡುವುದು ಶುರುವಾಗುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ತಿಂಗಳನ್ನು ಹಿಡಿದು ಅದರ ಶೇ. 20ನ್ನು ಕೆಳಗಿನ ಪೂರ್ಣಸಂಖ್ಯೆಗೆ ಇಳಿಸಿ ಆರು ತಿಂಗಳಿಗೆ ಗಟ್ಟಿ ಮಾಡಿ. ಅದರ ಮೇಲೆ ದುಡಿದದ್ದು ಅವರದು. ಚೀಟಿ ನೋಡುವುದು ವರ್ಷಕ್ಕೆ ಎರಡೇ ಸಲ.

ಹದಿನೆಂಟು ತುಂಬದವರಿಂದ ಬಾಡಿಗೆ ಇಲ್ಲ. ಅವರನ್ನು ಸಾಕುವುದು ನಮ್ಮ ಹೊಣೆ. ಚಿಕ್ಕವನು ರಜೆಯಲ್ಲಿ, ಸಂಜೆಯಲ್ಲಿ ದುಡಿದು ತರುವುದರಲ್ಲಿ ಅರ್ಧ ಅವನ ಹೆಸರಿನ ಖಾತೆಗೆ, ಫೋನಿನ ಖರ್ಚು ಅವನದೇ. ಅರ್ಧ ಹಣ ಮುಟ್ಟದೆ ಬದುಕುವುದು ಅಭ್ಯಾಸವಾದರೆ ಮುಂದೆ 20 ಕೊಡುವುದು ಭಾರ ಅನ್ನಿಸುವುದಿಲ್ಲ. ಓದುತ್ತಿರುವವರಿಗೂ ಹೀಗೇ, ವಯಸ್ಸು ಎಷ್ಟಾದರೂ.

ಮೊದಲ ಸಂಬಳದ ತಿಂಗಳು ಏನೂ ಬೇಡ. ಓಡಾಟ, ಬಟ್ಟೆ, ಕೈಸಾಲ ತೀರಿಸುವುದು ಎಲ್ಲ ಆ ತಿಂಗಳೇ ಬರುತ್ತದೆ. ಎರಡು, ಮೂರನೇ ತಿಂಗಳು ಶೇ. 10, ನಾಲ್ಕರಿಂದ ಪೂರ್ತಿ.

ವಸೂಲಿ ಅನ್ನುವ ಕೆಲಸವೇ ಇರಬಾರದು. ಕೈಗೆ ನಗದು ಕೊಡುವ ಪದ್ಧತಿಯಲ್ಲಿ ಪ್ರತಿ ತಿಂಗಳೂ ಯಾರೋ ಒಬ್ಬರು ಕೇಳಬೇಕು, ಇನ್ನೊಬ್ಬರು ಮುಖ ಸಣ್ಣ ಮಾಡಬೇಕು. ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ, ಅಂದರೆ ಪ್ರತಿ ತಿಂಗಳು ಗೊತ್ತಾದ ದಿನ ಹಣ ತಾನಾಗಿ ವರ್ಗಾವಣೆಯಾಗುವ ಏರ್ಪಾಡು. ದಿನಾಂಕ ಸಂಬಳದ ಮರುದಿನ ಬೇಡ, ಮೂರು ದಿನ ಬಿಟ್ಟು ಇರಲಿ. ಸಂಬಳದ ದಿನ ರಜೆ ಬಿದ್ದರೆ ಖಾತೆಯಲ್ಲಿ ಹಣ ಇರುವುದಿಲ್ಲ, ವರ್ಗಾವಣೆ ಆಗುವುದಿಲ್ಲ, ಕೆಲವು ಬ್ಯಾಂಕುಗಳು ಅದಕ್ಕೂ ದಂಡ ಹಾಕುತ್ತವೆ.

ಆ ಹಣ ಬೇರೆ ಖಾತೆಗೇ ಬರಬೇಕು. ಮನೆಖರ್ಚಿನ ಖಾತೆಗೆ ನೇರ ಬಂದರೆ ಎಲ್ಲಿ ಹೋಯಿತೆಂದು ಯಾರಿಗೂ ತೋರಿಸಲಾಗುವುದಿಲ್ಲ. ಬಂದದ್ದರಲ್ಲಿ ಸುಮಾರು 60 ಭಾಗ ಮನೆಗೆ, 40 ಭಾಗ ಮೀಸಲು. ತಿಂಗಳ ಕೊನೆಗೆ ಕರೆಂಟು, ನೀರು, ದಿನಸಿ ಇಷ್ಟಿಷ್ಟು ಆಯಿತೆಂದು ಒಂದು ಹಾಳೆ ಬರೆದು ಎಲ್ಲರಿಗೂ ಕಾಣುವಲ್ಲಿ ಅಂಟಿಸುತ್ತೇವೆ. ಹಾಳೆ ನೋಡಿದ ಮೇಲೆ ‘ನನ್ನ ದುಡ್ಡು ಏನಾಗುತ್ತದೆ’ ಅನ್ನುವ ಪ್ರಶ್ನೆ ಬಂದಿಲ್ಲ. ಮೀಸಲಿನ ಹಣ ಯಾವಾಗ, ಯಾವ ರೂಪದಲ್ಲಿ ಅವರಿಗೆ ಹಿಂತಿರುಗುತ್ತದೆ ಅನ್ನುವುದನ್ನು ಬರೆಯುವುದಿಲ್ಲ, ಇದನ್ನು ಅವರೂ ಓದುತ್ತಾರೆ.

ಇನ್ನೊಂದು ಸೋರಿಕೆ ಇದೆ. ಮನೆಯ ಹಿರಿಯರೊಬ್ಬರು ‘ಪಾಪ ಮಗು’ ಅಂತ ಹಿಂಬಾಗಿಲಿನಿಂದ ಅಷ್ಟೇ ಹಣ ವಾಪಸ್ ಕೊಡುತ್ತಿರುತ್ತಾರೆ. ಬೇಡ ಅಂದರೆ ಕದ್ದು ಕೊಡುತ್ತಾರೆ. ಮೀಸಲು ಖಾತೆಯನ್ನು ಅವರ ಕೈಗೇ ಕೊಡಿ. ಆ ಕಾಳಜಿಗೆ ಒಂದು ಜಾಗ ಸಿಕ್ಕ ಮೇಲೆ ಪಾಸ್‌ಬುಕ್ಕನ್ನು ಅವರಷ್ಟು ಜೋಪಾನವಾಗಿ ಇಟ್ಟುಕೊಳ್ಳುವವರು ಬೇರೆ ಯಾರೂ ಇರುವುದಿಲ್ಲ.

ಕೆಲಸ ಹೋದರೆ ಏನು ಅನ್ನುವುದನ್ನು ಮೊದಲೇ ಬರೆದಿಡಿ. ನಮ್ಮಲ್ಲಿ ಎರಡು ತಿಂಗಳು ಸೊನ್ನೆ, ಮೂರನೇ ತಿಂಗಳು ಕೂತು ಮಾತು. ಬಾಕಿ ಏರಿಸುವುದಿಲ್ಲ. ಮೂರು ತಿಂಗಳ ಬಾಕಿ ಒಟ್ಟಾದರೆ ಅದು ಯಾವತ್ತೂ ತೀರುವುದಿಲ್ಲ, ಅದನ್ನು ನೋಡಿ ಇನ್ನೊಬ್ಬರೂ ನಿಲ್ಲಿಸುತ್ತಾರೆ. ತಡವಾದರೆ ದಂಡವೂ ಇಲ್ಲ. ಆ ತಿಂಗಳು ಮನೆಯಿಂದ ಕೈಸಾಲ ಸಿಗುವುದಿಲ್ಲ, ಅಷ್ಟೇ.

ಬಹಳಷ್ಟು ಮನೆಗಳಲ್ಲಿ ಈ ವ್ಯವಸ್ಥೆ ಮುರಿಯುವುದು ಹಣದಿಂದಲ್ಲ, ಹಕ್ಕಿನಿಂದ. ಬಾಡಿಗೆ ಕೊಡುವವರು ‘ಹಾಗಾದರೆ ನಾನು ಎಷ್ಟು ಹೊತ್ತಿಗೆ ಬಂದರೆ ನಿಮಗೇನು’ ಅಂತ ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆ ಸರಿಯಾದದ್ದೇ. ನಾವು ಕೊಟ್ಟದ್ದು ಇಷ್ಟು: ಸ್ವಂತ ಬೀಗದಕೈ, ಬಾಗಿಲು ತಟ್ಟದೆ ಒಳಗೆ ಬರುವುದಿಲ್ಲ ಅನ್ನುವ ಮಾತು, ಫ್ರಿಜ್ಜಿನಲ್ಲಿ ಒಂದು ಶೆಲ್ಫ್, ಕೋಣೆಯಲ್ಲಿ ಏನು ಎಲ್ಲಿ ಇರಬೇಕೆಂಬ ಪೂರ್ತಿ ಸ್ವಾತಂತ್ರ್ಯ. ಬರುವ ಹೊತ್ತಿಗೆ ಗಡಿಯಿಲ್ಲ, ಬರುವುದಿಲ್ಲವಾದರೆ ರಾತ್ರಿ ಊಟಕ್ಕೆ ಮುಂಚೆ ಒಂದು ಮೆಸೇಜು. ಉಳಿದುಕೊಳ್ಳುವ ಅತಿಥಿಗಳ ಬಗ್ಗೆ ಹಿಂದಿನ ದಿನ ಹೇಳಬೇಕು. ಇದರಲ್ಲಿ ಯಾವುದನ್ನೂ ಕೊಡಲು ಮನಸ್ಸಿಲ್ಲದ ತಂದೆತಾಯಿ ಬಾಡಿಗೆ ಕೇಳದಿರುವುದೇ ಒಳ್ಳೆಯದು.

ಮನೆಗೆಲಸವನ್ನು ಬಾಡಿಗೆಗೆ ವಜಾ ಹಾಕುವ ಪ್ರಯೋಗವೂ ಆಗಿದೆ. ಗಂಟೆಗಿಷ್ಟು ಅಂತ ದರ ಕಟ್ಟಿದೊಡನೆ ಪಾತ್ರೆ ತೊಳೆದದ್ದು ಇಪ್ಪತ್ತು ನಿಮಿಷವೋ ನಲವತ್ತೋ ಅನ್ನುವ ಪಂಚಾಯಿತಿ, ಜ್ವರ ಬಂದ ದಿನದ ಲೆಕ್ಕ ಬೇರೆ. ಕೆಲಸ ಎಲ್ಲರಿಗೂ ಇದೆ, ಬಾಡಿಗೆ ದುಡಿಯುವವರಿಗೆ ಮಾತ್ರ, ಎರಡನ್ನೂ ಬೆರೆಸಬೇಡಿ. ಲಾಭವಾದ ಪ್ರಯೋಗ ಅಂದರೆ ಪ್ಲಗ್ಗಿಗೆ ಸಿಕ್ಕಿಸುವ ಮೀಟರ್. ಗೇಮ್ ಆಡುವ ಕಂಪ್ಯೂಟರಿಗೆ ಹೆಚ್ಚುವರಿ ಹಾಕಬೇಕೆಂದು ಒತ್ತಾಯವಿತ್ತು. 300 ವಾಟಿನ ಆಸುಪಾಸು, ಮೂರು ಗಂಟೆಗೆ 0.9 ಯೂನಿಟ್. ಎರಡು ಕಿಲೋವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಕಂಪ್ಯೂಟರಿನ ಮಾತು ಬಿಟ್ಟು ಸ್ನಾನದ ಹೊತ್ತು ಕಡಿಮೆ ಮಾಡಿಸಿದೆವು, ಬಿಲ್ಲು ಇಳಿಯಿತು.

ಮನೆ ಬಿಡುವ ತಿಂಗಳು ಖಚಿತವಾದರೆ ಕೊನೆಯ ಮೂರು ತಿಂಗಳು ದರ ಅರ್ಧ ಮಾಡಿ. ಹೊಸ ಮನೆಯ ಅಡ್ವಾನ್ಸು, ಸಾಗಾಟ, ಹಾಸಿಗೆ ಎಲ್ಲ ಒಟ್ಟಿಗೇ ಬರುತ್ತವೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅವರೇ ರದ್ದು ಮಾಡಿಸಬೇಕು, ಹೋಗುವ ಮುಂಚೆ ನೆನಪಿಸಿ.