ಹಳೆ ಗಾರ್ಡನ್ ಟ್ರ್ಯಾಕ್ಟರ್ ಚಾರ್ಜ್ ಆಗದಿದ್ದರೆ ಮೊದಲು ಅರ್ತಿಂಗ್ ನೋಡಿ

ಬ್ಯಾಟರಿ ಪದೇ ಪದೇ ಇಳಿಯುತ್ತಿದೆ ಅಂತ ಸುಮ್ನೆ ಹೊಸದು ತರಬೇಡಿ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ, ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ 12.6ರ ಆಸುಪಾಸು ತೋರಿಸುತ್ತದೆ. ಎಂಜಿನ್ ಜೋರಾಗಿ ಓಡುವಾಗ 13.5ರಿಂದ 14.5 ಬರಬೇಕು. ಆಗಲೂ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ.

ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಅಡಿ ಸ್ಟೇಟರ್, ಅಂದರೆ ಕರೆಂಟ್ ಹುಟ್ಟಿಸುವ ಸುರುಳಿ, ಇರುವ ಗಾಡಿಯಲ್ಲಿ ನಾನು ಮೊದಲು ಬಿಚ್ಚುವುದು ಆ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡುವ ರೆಗ್ಯುಲೇಟರಿನ ಬೋಲ್ಟು. ಹೆಚ್ಚಿನವುಗಳಲ್ಲಿ ಅದರ ಲೋಹದ ಮೈಯೇ ಅರ್ತಿಂಗ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಅಡಿಯಲ್ಲಿ ತುಕ್ಕು, ಬಣ್ಣ ಕೂತಿದ್ದರೆ ಕರೆಂಟಿಗೆ ದಾರಿಯೇ ಇಲ್ಲ, ಅಲ್ವಾ? ಉಪ್ಪುಕಾಗದದಿಂದ ಲೋಹ ಫಳಫಳ ಅನ್ನುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲವೇ? ಎಂಜಿನ್ ನಿಲ್ಲಿಸಿ, ಸ್ಟೇಟರ್‌ನ ಎರಡು ವೈರ್ ಬಿಡಿಸಿ. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ, ಆ ಎರಡು ವೈರ್‌ಗೆ ಜೋಡಿಸಿ, ಮತ್ತೆ ಚಾಲೂ ಮಾಡಿ ವೇಗ ಏರಿಸಿ. 15 ಆಂಪಿಯರ್ ಸ್ಟೇಟರ್ ಆದರೆ ಪೂರ್ತಿ ವೇಗದಲ್ಲಿ ಸಾಮಾನ್ಯವಾಗಿ 28 ವೋಲ್ಟ್ ಅಥವಾ ಜಾಸ್ತಿ ಕೊಡುತ್ತದೆ. ಏನೂ ಬರದಿದ್ದರೆ ಸ್ಟೇಟರ್ ಹೋಗಿದೆ. ಚೆನ್ನಾಗಿ ಬಂದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ, ಜೊತೆಗೆ ಬ್ಯಾಟರಿಗೆ ಹೋಗುವ ವೈರನ್ನೂ ನೋಡಿ.

ಬೆಲ್ಟಿನ ಸ್ಟಾರ್ಟರ್-ಜನರೇಟರ್ (ಎಂಜಿನ್ ಚಾಲೂ ಮಾಡುವುದು, ಚಾರ್ಜ್ ಮಾಡುವುದು ಎರಡೂ ಒಂದರಲ್ಲೇ) ಇದ್ದರೆ ದಾರಿ ಬೇರೆ. ಅಲ್ಲಿ ಬೆಲ್ಟ್ ಬಿಗಿ, ಕಾರ್ಬನ್ ಬ್ರಶ್ ಮೊದಲು.

ಒಂದು ಮಾತು, ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡಲೇಬೇಡಿ. ಒಳ್ಳೆ ರೆಗ್ಯುಲೇಟರ್ ಕೂಡ ಸುಟ್ಟು ಹೋಗಬಹುದು.