ಕಿಣ್ವದ ಪುಡಿಯನ್ನು ಕೆಡಿಸದೆ ಕರಗಿಸುವ ಕ್ರಮ

ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವವು ಪೈರುವೇಟನ್ನು ಲ್ಯಾಕ್ಟೇಟ್ ಆಗಿ ಮಾರ್ಪಡಿಸುತ್ತದೆ. ಈ. ಕೋಲಿ ಬ್ಯಾಕ್ಟೀರಿಯಾಕ್ಕೆ ಇದರ ಜೀನ್ ಸೇರಿಸಿ ತಯಾರಿಸಿದ ಮರುಸಂಯೋಜಿತ ಕಿಣ್ವವು ಸಂಶೋಧನೆಗೆಂದು ಒಣಪುಡಿಯ ರೂಪದಲ್ಲೂ ಸಿಗುತ್ತದೆ. ದುಬಾರಿಯಾದ ಈ ಪುಡಿಯನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕರಗಿಸುವ ಹಂತದಲ್ಲಿಯೇ ಹಾಳು ಮಾಡುವುದನ್ನು ಮತ್ತೆ ಮತ್ತೆ ನೋಡಿ ಈ ವಿವರಗಳನ್ನು ಬರೆಯುತ್ತಿದ್ದೇನೆ.

ಪಾರ್ಸೆಲ್ ಬಂದ ಕೂಡಲೇ ಜೊತೆಗಿರುವ ಮಾಹಿತಿ ಪತ್ರವನ್ನು ಓದಿ, ಅದು ಹೇಳುವ ತಾಪಮಾನದಲ್ಲಿ ಸೀಸೆಯನ್ನು ಇಡಿ.

ಬಳಸುವ ದಿನ ಸೀಸೆಯನ್ನು ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬಾರದು. ತಣ್ಣನೆಯ ಗಾಜಿಗೆ ಗಾಳಿಯ ತೇವ ತಗುಲಿ, ನೀರಾಗಿ ಪುಡಿಯ ಮೇಲೆ ಕೂರುತ್ತದೆ; ಬೆಳಗಾವಿಯ ಮಳೆಗಾಲದಲ್ಲಂತೂ ಇದು ಕ್ಷಣಾರ್ಧದಲ್ಲಿ ನಡೆಯುತ್ತದೆ. ಸೀಸೆ ಕೋಣೆಯ ತಾಪಮಾನಕ್ಕೆ ಬರುವವರೆಗೆ ಮುಚ್ಚಿಯೇ ಇಡಿ. ಬಳಿಕ ಸೆಂಟ್ರಿಫ್ಯೂಜಿನಲ್ಲಿ ಕೆಲವು ಸೆಕೆಂಡು ತಿರುಗಿಸಿದರೆ ಮುಚ್ಚಳಕ್ಕೆ ಅಂಟಿದ ಪುಡಿ ತಳಕ್ಕಿಳಿಯುತ್ತದೆ. ಬರಿಗಣ್ಣಿಗೆ ಏನೂ ಕಾಣದಷ್ಟು ಕಡಿಮೆ ಪುಡಿ ಇರುವುದರಿಂದ, ಸೀಸೆ ಖಾಲಿ ಬಂದಿದೆ ಎಂದು ಎಸೆದವರೂ ಇದ್ದಾರೆ.

ಇನ್ನು ಮುಖ್ಯವಾದ ಹಂತ. ಸೂಚಿಸಿದ ಬಫರನ್ನು (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಸೀಸೆಯ ಒಳಗೋಡೆಯ ಮೇಲಿಂದ ನಿಧಾನವಾಗಿ ಇಳಿಸಿ, ಮುಚ್ಚಿ, ಹತ್ತು ಹದಿನೈದು ನಿಮಿಷ ಐಸ್ ಮೇಲೆ ಬಿಡಿ; ನಡುನಡುವೆ ಸೀಸೆಯನ್ನು ಓರೆ ಮಾಡಿ ಮೆಲ್ಲಗೆ ತಿರುಗಿಸಿದರೆ ಸಾಕು. ಮಜ್ಜಿಗೆ ಕಡೆದಂತೆ ವೋರ್ಟೆಕ್ಸ್ ಯಂತ್ರದ ಮೇಲೆ ಒತ್ತಿ ಹಿಡಿಯುವುದನ್ನು ದಯವಿಟ್ಟು ಬಿಡಿ. ನೊರೆಯೆದ್ದಾಗ ಗಾಳಿ ಮತ್ತು ದ್ರವ ಸಂಧಿಸುವ ಮೇಲ್ಮೈಯಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಈ ಕಿಣ್ವ ನಾಲ್ಕು ಉಪಘಟಕಗಳು ಕೂಡಿ ಆದದ್ದು. ಆ ಜೋಡಣೆ ಸಡಿಲಿದರೆ ಕೆಲಸವೂ ನಿಲ್ಲುತ್ತದೆ. ಬಫರ್ ಮುಗಿದಿದೆಯೆಂದು ಬಟ್ಟಿ ಇಳಿಸಿದ ನೀರು ಹಾಕುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದರಲ್ಲಿ ಪಿಎಚ್ ಕಾಯುವ ಶಕ್ತಿಯೇ ಇಲ್ಲ. ತೀರ ತೆಳುವಾದ ದ್ರಾವಣದಲ್ಲಿ ಕಿಣ್ವವು ಟ್ಯೂಬಿನ ಗೋಡೆಗೇ ಅಂಟಿ ಕಳೆದುಹೋಗುವುದರಿಂದ, ಮಾಹಿತಿ ಪತ್ರ ನಿಷೇಧಿಸದಿದ್ದರೆ ಶೇ 0.1ರಷ್ಟು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನು) ಸೇರಿಸುವುದು ಒಳ್ಳೆಯದು.

ಕರಗಿದ ಮೇಲೆ ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟನ್ನೇ ಸಣ್ಣ ಟ್ಯೂಬುಗಳಿಗೆ ಹಂಚಿ, ದಿನಾಂಕ ಬರೆಯಿರಿ. ಶೇ 50ರಷ್ಟು ಗ್ಲಿಸರಾಲ್ ಇದ್ದರೆ ದ್ರಾವಣ ಮೈನಸ್ 20 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ತಾನಾಗಿ ಹಿಮ ಕರಗಿಸಿಕೊಳ್ಳುವ ಮನೆಬಳಕೆಯ ಫ್ರಿಜ್‌ಗಳು ಆಗಾಗ ಬಿಸಿಯಾಗುವುದರಿಂದ ಈ ಕೆಲಸಕ್ಕೆ ಯೋಗ್ಯವಲ್ಲ.

ಕಿಣ್ವ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪರೀಕ್ಷೆ ಸರಳ. ಪೈರುವೇಟ್ ಮತ್ತು ಎನ್‌ಎಡಿಎಚ್ (ಈ ಕ್ರಿಯೆಯಲ್ಲಿ ಖರ್ಚಾಗುವ, ಈ ಬೆಳಕನ್ನು ಹೀರುವ ಸಹಕಿಣ್ವ) ಇರುವ ಬಫರಿಗೆ ಕಿಣ್ವ ಸೇರಿಸಿ, 340 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಇಳಿಯುವ ವೇಗವನ್ನು ನೋಡಿ. ಒಂದು ಸೆಂಟಿಮೀಟರ್ ಕ್ಯೂವೆಟ್ಟಿನ (ಬೆಳಕು ಹಾಯಿಸುವ ಪಾರದರ್ಶಕ ಪಾತ್ರೆ) ಒಂದು ಮಿಲಿಲೀಟರ್ ಮಿಶ್ರಣದಲ್ಲಿ ನಿಮಿಷಕ್ಕೆ 0.1ರಷ್ಟು ಇಳಿದರೆ ಸುಮಾರು 0.016 ಯೂನಿಟ್ ಎಂದರ್ಥ (ನಿಮಿಷಕ್ಕೆ ಒಂದು ಮೈಕ್ರೋಮೋಲ್ ಮಾರ್ಪಡಿಸುವಷ್ಟು ಕಿಣ್ವ ಒಂದು ಯೂನಿಟ್). ಇಳಿಕೆ ಮೊದಲ ನಿಮಿಷದಲ್ಲೇ ನೇರ ಗೆರೆ ಬಿಟ್ಟು ಬಾಗಿದರೆ ಕಿಣ್ವವನ್ನು ಇನ್ನಷ್ಟು ತೆಳುಗೊಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಉಷ್ಣಾಂಶ 40 ಡಿಗ್ರಿ ಮುಟ್ಟುವಾಗ ತಾಪ ನಿಯಂತ್ರಣವಿಲ್ಲದ ಉಪಕರಣದಲ್ಲಿ ಪಡೆದ ಅಂಕಿಯನ್ನು, 25 ಡಿಗ್ರಿಯಲ್ಲಿ ಅಳೆದ ತಯಾರಕರ ಅಂಕಿಯೊಂದಿಗೆ ಹೋಲಿಸಬೇಡಿ. ಸಂಶೋಧನೆಗೆ ಮಾತ್ರ ಎಂದು ಲೇಬಲ್ ಇರುವ ಈ ಕಿಣ್ವವನ್ನು ರೋಗಿಗಳ ರಕ್ತಪರೀಕ್ಷೆಯ ವರದಿಗಾಗಿ ಬಳಸಲೂಬೇಡಿ.